ಊದುಗೊಳವೆ ಮತ್ತು ಸಣ್ಣ ಹೊಲಿಗೆ

"ಮುದುಕಿ ಒಲೆ ಊದಿದಳು, ಕಣ್ಣು ಕಳಕೊಂಡಳು."

ಈ ಮಾತನ್ನು ನಾನು ಮೊದಲು ಕೇಳಿದ್ದು ಹೊನ್ನಾವರದಲ್ಲಿ, ಕಣ್ಣಿನ ಶಿಬಿರದ ಮುಖ್ಯಸ್ಥರಾಗಿದ್ದ ದೊಡ್ಡ ಡಾಕ್ಟರ ಬಾಯಿಂದ. ಚಹಾ ಕುಡಿಯುತ್ತ, ಪಕ್ಕದಲ್ಲಿ ಕೂತವರಿಗೆ ತಮಾಷೆಯ ಸಂಗತಿಯೊಂದನ್ನು ಹೇಳುವ ಹಾಗೆ ಹೇಳಿದ್ದರು. ಪಕ್ಕದವರು ನಕ್ಕರು. ಆ ಮುದುಕಿ ನನ್ನ ದೊಡ್ಡಮ್ಮ ಎಂದು ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಹೇಳುತ್ತಿದ್ದರು. ಅಷ್ಟು ವರ್ಷ ಅವರ ಜೊತೆ ಕೆಲಸ ಮಾಡಿದ ಮೇಲೆ ಈ ಮಾತನ್ನು ಧೈರ್ಯವಾಗಿ ಬರೆಯಬಲ್ಲೆ.

ದೊಡ್ಡಮ್ಮ ಅಂದರೆ ನನ್ನ ಅಮ್ಮನ ಅಕ್ಕ. ಭಟ್ಕಳದ ಹತ್ತಿರದ ಬೆಳಕೆ ಊರಿನವಳು. ಬೇಗ ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಮಳೆಗಾಲದಲ್ಲಿ ತುಂಡು ಗದ್ದೆ, ಬೇಸಿಗೆಯಲ್ಲಿ ಅದೇ ಗದ್ದೆಯಲ್ಲಿ ಬದನೆ, ಹರಿವೆ, ಸೌತೆ. ಬುಟ್ಟಿ ಹೊತ್ತು ಭಟ್ಕಳದ ಪೇಟೆಗೆ ನಡೆಯುತ್ತಿದ್ದಳು. ನಾನು ಭಟ್ಕಳದಲ್ಲಿ ಶಾಲೆಗೆ ಹೋದ ವರ್ಷಗಳೆಲ್ಲ ಇದ್ದದ್ದು ಅವಳ ಮನೆಯಲ್ಲೇ. ಬೆಳಗು ಹರಿಯುವ ಮೊದಲೇ ಎದ್ದು, ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಸರಿಯಾಗಿ ಒಣಗದ ತೆಂಗಿನ ಗರಿಯ ಮಡ್ಲಿಗೆ ಬೆಂಕಿ ತಾಗಿಸಿ, ಕಬ್ಬಿಣದ ಊದುಗೊಳವೆಯಲ್ಲಿ ಕೆನ್ನೆ ಉಬ್ಬಿಸಿ ಊದಿ ಊದಿ ಗಂಜಿ ಬೇಯಿಸಿ, ನನಗೆ ಉಣ್ಣಿಸಿ ಕಳಿಸುತ್ತಿದ್ದಳು. ನಮ್ಮ ಕುಟುಂಬದಲ್ಲಿ ಹೆಣ್ಣು ಹಾಗಿರಲಿ, ಗಂಡು ಕೂಡ ಅದುವರೆಗೆ ಮೆಟ್ರಿಕ್ ಮುಟ್ಟಿರಲಿಲ್ಲ. ನಾನು ಆ ಗಂಜಿ ಉಂಡು ಮೆಟ್ರಿಕ್ ಮುಗಿಸಿದೆ, ಧಾರವಾಡದಲ್ಲಿ ಕಾಲೇಜು ಓದಿದೆ, ಮುಂಬಯಿಗೆ ಹೋಗಿ ಡಾಕ್ಟರಾದೆ, ಅದರ ಮೇಲೆ ಕಣ್ಣಿನ ಡಿಪ್ಲೊಮಾನೂ ಮಾಡಿದೆ. ಇದನ್ನು ಹೇಳಿಕೊಳ್ಳುವುದಕ್ಕೆ ನನಗೆ ಸಂಕೋಚವಿಲ್ಲ. ಯಾರೂ ತಟ್ಟೆಯಲ್ಲಿಟ್ಟು ಕೊಟ್ಟದ್ದಲ್ಲ.

ದೊಡ್ಡಮ್ಮನ ಎಡಗಣ್ಣಿಗೆ ಶಿಬಿರದಲ್ಲಿ ಆಪರೇಷನ್ ಆದಾಗ ನಾನಿನ್ನೂ ಮುಂಬಯಿಯಲ್ಲಿದ್ದೆ. ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ಕಣ್ಣಿನ ಕಪ್ಪು ಗುಡ್ಡೆಯ ಅಂಚಿನಲ್ಲಿ ಅರ್ಧಚಂದ್ರದ ಹಾಗೆ ಕೊಯ್ದು, ಪೊರೆ ಕಟ್ಟಿದ ಮಸೂರವನ್ನು ಇಡಿಯಾಗಿ ಹೊರಗೆ ತೆಗೆಯುವುದು ಆಗಿನ ಕ್ರಮ. ಶಿಬಿರಗಳಲ್ಲಿ ಆ ಗಾಯಕ್ಕೆ ಹೊಲಿಗೆ ಹಾಕುತ್ತಿರಲಿಲ್ಲ. ರೆಪ್ಪೆ ಮುಚ್ಚಿ, ಪಟ್ಟಿ ಕಟ್ಟಿ, ತಲೆಯ ಆಚೆ ಈಚೆ ಮರಳಿನ ಚೀಲ ಇಟ್ಟು, ಅಲ್ಲಾಡದೆ ಬಿದ್ದಿರು ಎನ್ನುತ್ತಿದ್ದರು. ಗಾಯ ತನ್ನಷ್ಟಕ್ಕೆ ಕೂಡಿಕೊಳ್ಳಬೇಕು. ಮನೆಗೆ ಕಳಿಸುವಾಗ ಉಪದೇಶ: ಕೆಮ್ಮಬೇಡ, ಬಗ್ಗಬೇಡ, ಕೊಡಪಾನ ಎತ್ತಬೇಡ. ದೊಡ್ಡಮ್ಮ ಕೆಮ್ಮಲಿಲ್ಲ, ಬಗ್ಗಲಿಲ್ಲ, ನೀರನ್ನು ನೆರೆಮನೆಯವರ ಹತ್ತಿರ ತರಿಸಿಕೊಂಡಳು. ಒಲೆ ಮಾತ್ರ ತಾನೇ ಊದಿದಳು. ಕೂಡಿಕೊಳ್ಳುತ್ತಿದ್ದ ಗಾಯ ಬಾಯಿಬಿಟ್ಟಿತು, ಒಳಗಿನದು ಹೊರಗೆ ಬಂತು, ಕೀವಾಯಿತು, ಕಣ್ಣು ಹೋಯಿತು.

ಊರಿಗೆ ಬಂದಾಗ ನಾನು ಕೇಳಿದೆ, "ಎಂತಕ್ಕೆ ಊದಿದೆ ದೊಡ್ಡಮ್ಮಾ?"

"ಊದುಕಾಗ ಅಂತ ಯಾರು ಹೇಳ್ರು? ಕೆಮ್ಮುಕಾಗ ಅಂದ್ರು, ಬಗ್ಗುಕಾಗ ಅಂದ್ರು. ನಾನು ನೆಟ್ಟಗೇ ಕೂತ್ಕಂಡು ಊದಿದ್ದೆ ಮಗಾ."

ಇದನ್ನು ಕೇಳಿ ನನಗೆ ಬಂದ ಸಿಟ್ಟು ಈಗಲೂ ಆರಿಲ್ಲ. ಒಲೆ ಊದಬೇಡ ಎಂದು ಅವರು ಯಾಕೆ ಹೇಳಲಿಲ್ಲ? ಒಲೆ ಊದುವುದು ಒಂದು ಕೆಲಸ ಎಂದೇ ಅವರಿಗೆ ಗೊತ್ತಿರಲಿಲ್ಲ. ಹುಟ್ಟಿದಾಗಿನಿಂದ ಅವರಿಗೆ ಅನ್ನ ಬೆಂದೇ ಬಂದಿದೆ. ಊದುವಾಗ ಮುಖಕ್ಕೆ ರಕ್ತ ಏರುವುದು, ಕುತ್ತಿಗೆಯ ನರ ಉಬ್ಬುವುದು, ಕಣ್ಣು ಬಿಗಿದು ನೀರು ಬರುವುದು ಅವರು ನೋಡಿಲ್ಲ. ಇನ್ನು, ಹೇಳಿದ್ದರೂ ಏನಾಗುತ್ತಿತ್ತು? ಒಂಟಿ ಹೆಂಗಸು ಉಪವಾಸ ಇರಬೇಕಿತ್ತೇ? ಗಾಯಕ್ಕೆ ಹೊಲಿಗೆ ಹಾಕದೆ ಬಿಟ್ಟದ್ದು ಡಾಕ್ಟರು, ತಪ್ಪು ಹೊತ್ತದ್ದು ಮುದುಕಿ. ಹೇಳಿ, ಯಾವ ನ್ಯಾಯ ಇದು?

ನಾನು ಮುಂಬಯಿಯಲ್ಲಿ ಕಲಿತು ಬಂದದ್ದು ಆ ಹೊಲಿಗೆಯನ್ನೇ. ಹಣೆಗೆ ಕಟ್ಟಿಕೊಳ್ಳುವ ಭೂತಗನ್ನಡಿಯ ಕೆಳಗೆ, ಉಗುರಿನ ಚೂರಿನಷ್ಟು ಬಾಗಿದ ಸೂಜಿಯಲ್ಲಿ, ಕೂದಲಿಗಿಂತ ತೆಳುವಾದ ರೇಷ್ಮೆ ದಾರ ಪೋಣಿಸಿ ಹಾಕುವ ಹೊಲಿಗೆ. ಈಗ ಚಾವಣಿಯಿಂದ ಇಳಿಬಿಟ್ಟ ದೊಡ್ಡ ಸೂಕ್ಷ್ಮದರ್ಶಕಗಳು ಬಂದಿವೆ, ಅದಕ್ಕೆ ದೊಡ್ಡ ಹೆಸರೂ ಇದೆ, ಕಲಿತವರಿಗೆ ಸರ್ಟಿಫಿಕೇಟನ್ನೂ ಕೊಡುತ್ತಾರೆ. ನಾವು ಸಣ್ಣ ಹೊಲಿಗೆ ಎನ್ನುತ್ತಿದ್ದೆವು, ಅಷ್ಟೆ.

ಅರವತ್ತರ ದಶಕದ ಮೊದಲಿಗೆ ಕುಮಟೆಯ ಒಂದು ಧರ್ಮಾಸ್ಪತ್ರೆಯಲ್ಲಿ ನನಗೆ ಕೆಲಸ ಸಿಕ್ಕಿತು. ಕಣ್ಣಿನ ಡಾಕ್ಟರೆಂದು ಕರೆದು ಹೆರಿಗೆ ಕೋಣೆಗೆ ಹಾಕಿದರು. ಹೆಣ್ಣು ಡಾಕ್ಟರು ಹೆರಿಗೆ ಮಾಡಿಸದೆ ಇನ್ನೇನು ಮಾಡಿಸುತ್ತಾಳೆ ಎಂಬ ಲೆಕ್ಕ. ಜಗಳವಾಡಿ ಜಗಳವಾಡಿ ಹಿಂಬದಿಯ ಒಂದು ಕೋಣೆಯನ್ನು ಕಣ್ಣಿಗೆಂದು ಬಿಡಿಸಿಕೊಂಡೆ. ಅಷ್ಟರಲ್ಲಿ ಹೊನ್ನಾವರದಲ್ಲಿ ಮತ್ತೆ ಶಿಬಿರ ನಡೆಯುವುದು ಗೊತ್ತಾಯಿತು. ದೊಡ್ಡಮ್ಮನ ಬಲಗಣ್ಣಿಗೂ ಪೊರೆ ಬಲಿತಿತ್ತು. ಬಾಗಿಲು ಎಲ್ಲಿ, ಗೋಡೆ ಎಲ್ಲಿ ಎಂದು ಕೈಯಿಂದ ತಡವಿ ನಡೆಯುತ್ತಿದ್ದಳು. ಉಳಿದದ್ದು ಆ ಒಂದೇ ಕಣ್ಣು. ನಾನಿದ್ದ ಕಡೆ ಆಪರೇಷನ್ನಿಗೆ ಬೇಕಾದ ಸಲಕರಣೆ ಇರಲಿಲ್ಲ, ಅವಳನ್ನು ಮುಂಬಯಿಗೆ ಕರೆದೊಯ್ಯುತ್ತೇನೆಂದರೆ ಅವಳು ಬಾವಿಗೆ ಹಾರುತ್ತೇನೆ ಎನ್ನುತ್ತಿದ್ದಳು. ಹಾಗಾಗಿ ಶಿಬಿರವೇ ಗತಿ. ಮುಖ್ಯಸ್ಥರು ಮತ್ತೆ ಅದೇ ಘಟ್ಟದ ಮೇಲಿನ ದೊಡ್ಡ ಡಾಕ್ಟರು.

ತಯಾರಿಯ ಸಭೆಗೆ ಅವರು ಹೊನ್ನಾವರಕ್ಕೆ ಬಂದಾಗ ಹೋಗಿ ಭೇಟಿಯಾದೆ. ಆ ಚಹಾದ ಮಾತು ಕೇಳಿದ್ದು ಆವತ್ತೇ. ನಗು ನಿಂತ ಮೇಲೆ ಹೇಳಿದೆ, "ಸರ್, ಆ ಮುದುಕಿ ನನ್ನ ದೊಡ್ಡಮ್ಮ, ಇನ್ನೊಂದು ಕಣ್ಣಿಗೆ ಇಲ್ಲಿಗೇ ಬರುತ್ತಾಳೆ. ಈ ಸಲ ಪ್ರತಿ ಕಣ್ಣಿಗೂ ಹೊಲಿಗೆ ಹಾಕಬೇಕು."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಏನ್ರೀ ಬಾಯಾರ, ಮುಂಬಯಿಗೆ ಹೋಗಿ ಹೊಲಿಗಿ ಕಲ್ತು ಬಂದೀರೇನು? ಛಲೋ ಆತು. ನಮ್ಮ ಮನ್ಯಾಗ ಕುಬಸ ಹೊಲಿಯೋದೈತಿ ನೋಡ್ರಿ."

ಸಾಲೆಯ ಅಕ್ಕೋರನ್ನು ಕರೆಯುವ ಹಾಗೆ ಬಾಯಾರ ಎಂದರೇ ಹೊರತು ಅವರು ನನ್ನನ್ನು ಒಂದು ದಿನವೂ ಡಾಕ್ಟರ್ ಎಂದು ಕರೆದವರಲ್ಲ. ನನ್ನ ನಂತರ ಪಾಸಾದ ಹುಡುಗರನ್ನು ಡಾಕ್ಟರ್ ಎನ್ನುತ್ತಿದ್ದರು.

"ಕುಬಸ ದರ್ಜಿಯ ಹತ್ತಿರ ಹೊಲಿಸಿ ಸರ್. ನಾನು ಕಣ್ಣಿನ ಮಾತು ಆಡುತ್ತಿದ್ದೇನೆ."

ಅವರ ಮುಖ ಬಿಗಿಯಿತು. ಹೊಲಿಗೆಗೆ ಹೊತ್ತು ಹೋಗುತ್ತದೆ, ಬಂದ ಜನರಲ್ಲಿ ಅರ್ಧಕ್ಕರ್ಧ ಹಾಗೇ ವಾಪಸು ಹೋಗಬೇಕಾಗುತ್ತದೆ ಎಂದರು. ಇದು ಸುಳ್ಳು ವಾದವಲ್ಲ, ಒಪ್ಪುತ್ತೇನೆ. ಆದರೆ ಅದಕ್ಕೆ ಉಪಾಯ ಹೊಲಿಯುವ ಕೈಗಳನ್ನು ಹೆಚ್ಚಿಸುವುದು. ನಾನು ಕಲಿಸುತ್ತೇನೆ ಎಂದೆ.

"ಯಾರಿಗೆ? ಡಾಕ್ಟರಗೋಳಿಗೆ? ನೀವು?" ಮತ್ತೆ ನಗು. ಕೊನೆಗೆ ಹೇಳಿದರು, "ಕಲಸ್ರಿ. ಶಿಬಿರದ ಹಿಂದಿನ ದಿನ ನನ್ನ ಮುಂದ ಯಾರರೆ ಹೊಲದು ತೋರಸ್ಲಿ. ಆಮ್ಯಾಲ ನೋಡೂಣು. ಮತ್ತ ನಿಮ್ಮ ದೊಡ್ಡಮ್ಮನ ಕಣ್ಣಿಗೆ ನೀವು ಚಾಕು ಹಿಡಿಯೂ ಹಂಗಿಲ್ಲ. ಸ್ವಂತದವರ ಮ್ಯಾಲ ಕೈ ಮಾಡಬಾರ್ದು."

ಕೊನೆಯ ಮಾತು ಸರಿಯಾದದ್ದೇ. ಆದರೆ ಅದರ ಅರ್ಥ ಇಷ್ಟು: ದೊಡ್ಡಮ್ಮನ ಉಳಿದ ಕಣ್ಣು ನನ್ನ ಕೈಯಲ್ಲಿರಲಿಲ್ಲ, ನಾನು ಕಲಿಸುವವರ ಕೈಯಲ್ಲಿತ್ತು.

ಬೆಳಕೆಗೆ ಹೋಗಿ ಅವಳಿಗೆ ಹೇಳಿದೆ. ಜಗಲಿಯಲ್ಲಿ ಕೂತು ತಡವಿ ತಡವಿ ಹರಿವೆ ಸೊಪ್ಪು ಸೋಸುತ್ತಿದ್ದಳು.

"ನೀ ಮಾಡುಕಿಲ್ವ?"

"ಮಾಡುಕಾಗ ದೊಡ್ಡಮ್ಮಾ. ನಾ ಕಲಿಸಿದವ್ರು ಮಾಡ್ತ್ರು."

ಕೈಯಲ್ಲಿದ್ದ ದಂಟನ್ನು ಮುರಿದು ಬುಟ್ಟಿಗೆ ಹಾಕಿದಳು. ಆಮೇಲೆ, "ಹಂಗಾರೆ ಅವ್ರಿಗೆ ಸಮಾ ಕಲ್ಸು" ಎಂದಳು. "ನಂಗೆ ಇನ್ನೊಂದು ಕಣ್ಣಿಲ್ಲೆ, ನಿಂಗೆ ಮತ್ತೆ ಕಲ್ಸುಕೆ."

ಕಲಿಯಲು ಬಂದವರು ಇಬ್ಬರು. ಒಬ್ಬರು ಹೊನ್ನಾವರದ ಖಾಸಗಿ ಡಾಕ್ಟರು. ನನಗಿಂತ ಹಿರಿಯರು, ಕೊಂಕಣಿ ಮನೆಮಾತಿನವರು, ಒಳ್ಳೆಯ ಕೈಗುಣ ಎಂದು ಹೆಸರಿತ್ತು. ಇನ್ನೊಬ್ಬ ಪುಣೆಯ ಕಾಲೇಜಿನಲ್ಲಿ ಸಂಶೋಧನೆ ಮಾಡುತ್ತಿದ್ದ ಕುಮಟೆಯ ಹುಡುಗ. ಕಣ್ಣಿನ ಮಸೂರದ ಬಗ್ಗೆ ಪಿಎಚ್.ಡಿ. ಆ ತಿಂಗಳುಗಳಲ್ಲಿ ಊರಲ್ಲೇ ಇದ್ದು, ಭಟ್ಕಳದ ಬಂದರು ತೆಂಗಿನಗುಂಡಿಗೆ ಹೋಗಿ ಬೆಸ್ತರ ಹತ್ತಿರ ಮೀನಿನ ಕಣ್ಣು ಕೇಳಿ ತರುತ್ತಿದ್ದ. ಮೊಲದ ಕಣ್ಣನ್ನು ಕೊಯ್ದು ಮತ್ತೆ ಮುಚ್ಚುವುದು ಅವನಿಗೆ ಬೇಕಾಗಿತ್ತು, ಅದಕ್ಕೆ ಬಂದ.

ಹೊಲಿಗೆಯನ್ನು ಮಾತಿನಲ್ಲಿ ಕಲಿಸಲು ಬರುವುದಿಲ್ಲ, ಕಣ್ಣು ಬೇಕು. ಶನಿವಾರ ಬೆಳಕೆಗೆ ಹೋದವಳು ಭಾನುವಾರ ಬೆಳಗ್ಗೆ ಭಟ್ಕಳದ ಕಸಾಯಿ ಅಂಗಡಿಗೆ ಹೋಗಿ ನಿಲ್ಲುತ್ತಿದ್ದೆ. ಅಂಗಡಿಯ ಸಾಹೇಬರು ಮೊದಲ ದಿನ ಕತ್ತಿ ಕೆಳಗಿಟ್ಟು ನನ್ನನ್ನೇ ನೋಡಿದರು.

"ಕಣ್ಣು? ಎಲ್ಲಾರು ತೊಡೆ ಕೇಳ್ತಾರೆ, ಕಲಿಜಾ ಕೇಳ್ತಾರೆ. ಕಣ್ಣಿಂದು ಸಾರು ಮಾಡ್ತೀರಾ?"

"ಹೊಲಿಗೆ ಹಾಕ್ತೇನೆ."

"ಯಾ ಅಲ್ಲಾ! ಸತ್ತ ಆಡಿಗಾ?" ಎಂದು ನಕ್ಕರು. ವಿಷಯ ತಿಳಿಸಿದ ಮೇಲೆ ನಗಲಿಲ್ಲ. ಅವರ ತಾಯಿಗೂ ಪೊರೆ ಬಂದಿತ್ತಂತೆ. "ಡಾಕ್ಟರ್‌ಸಾಬ್, ನೀವು ಲೈನಲ್ಲಿ ನಿಲ್ಲಬೇಡಿ, ಈ ಕಡೆ ಬನ್ನಿ" ಎಂದರು. ಆಮೇಲೆ ಪ್ರತಿ ವಾರ ಅವರೇ ಅಂದವಾಗಿ ಬಿಡಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ಇಟ್ಟಿರುತ್ತಿದ್ದರು.

ಅಲ್ಲಿಂದ ಬಸ್ಸು, ಶರಾವತಿಯ ದಂಡೆಯಲ್ಲಿ ಇಳಿದು ತಾರಿಯ ದೋಣಿ, ಆಚೆ ದಡದಲ್ಲಿ ಮತ್ತೆ ಕುಮಟೆಯ ಬಸ್ಸು. ನನ್ನ ಕೈಯಲ್ಲಿದ್ದದ್ದು ಊಟದ ಡಬ್ಬಿ ಎಂದುಕೊಂಡು ಒಬ್ಬ ಕಂಡಕ್ಟರ್, "ಎಂತ ಪದಾರ್ಥ ಅಕ್ಕಾ, ವಾಸನೆ ಬತ್ತದಲ್ಲ" ಎಂದು ಮುಚ್ಚಳ ಎತ್ತಿದ. ಡಬ್ಬಿಯೊಳಗಿಂದ ಎಲ್ಲವೂ ಅವನನ್ನೇ ನೋಡಿದವು. ಮುಂದೆ ನನಗೆ ಯಾವ ಬಸ್ಸಿನಲ್ಲೂ ಸೀಟಿನ ತೊಂದರೆ ಆಗಲಿಲ್ಲ.

ತೆಂಗಿನ ಗರಟೆಯ ಅರ್ಧ ಭಾಗಕ್ಕೆ ಒದ್ದೆ ಹತ್ತಿ ತುಂಬಿ, ಅದರ ಮೇಲೆ ಆಡಿನ ಕಣ್ಣು ಕೂರಿಸುತ್ತಿದ್ದೆ. ಪ್ರಯಾಣದಲ್ಲಿ ಬಾಡಿದ ಕಣ್ಣಿಗೆ ಹಿಂದಿನಿಂದ ಸಿರಿಂಜಿನಲ್ಲಿ ಉಪ್ಪುನೀರು ಹಾಕಿದರೆ ಮತ್ತೆ ಬಿಗಿಯಾಗುತ್ತಿತ್ತು. ಹೊನ್ನಾವರದ ಡಾಕ್ಟರು ಮೊದಲ ದಿನ ಗರಟೆ ನೋಡಿದ್ದೇ ಕುರ್ಚಿ ಹಿಂದೆ ಎಳೆದರು.

"ತಂಗೀ, ಮೀನಿಂದಾದ್ರೆ ತನ್ನಿ, ಅಡ್ಡಿಯಿಲ್ಲ. ಇದು ನಮ್ಮಲ್ಲಿ ಮುಟ್ಟೂದಿಲ್ಲ."

"ಮೀನಿನ ಕಣ್ಣು ಚಪ್ಪಟೆ ಡಾಕ್ಟ್ರೇ, ಮನುಷ್ಯರ ಕಣ್ಣಿನ ಹಾಗಿಲ್ಲ. ಕಾಲೇಜಲ್ಲಿ ಹೆಣ ಕೊಯ್ದ್ರಲ್ಲ, ಅದು ಎಂತ, ಬಾಳೆಹಣ್ಣಾ?"

ಸಂಶೋಧಕ ಹುಡುಗ ಕೆಮ್ಮಿನ ನೆಪದಲ್ಲಿ ಮುಖ ತಿರುಗಿಸಿದ. ಡಾಕ್ಟರು ಕೆಂಪಗಾದರು. ಅವರಿಗೆ ಕಷ್ಟವಾದದ್ದು ಆಡು ಒಂದೇ ಅಲ್ಲ ಎಂದು ನನಗೆ ಗೊತ್ತಿತ್ತು. ಅವರು ನೀರು ಕುಡಿಯಲು ಮನೆಯಿಂದ ತಾಮ್ರದ ಲೋಟ ತರುತ್ತಿದ್ದರು. ನಮ್ಮ ಆಸ್ಪತ್ರೆಯ ಲೋಟಗಳು ದಿನಾ ಕುದಿನೀರಲ್ಲಿ ಮಿಂದು ಬರುವಂಥವು. ಮನೆಯ ಲೋಟ ಯಾಕೆ ಎಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಬದನೆಕಾಯಿ ಮಾರುವವರ ಮನೆಯವಳು ಗುರು ಆಗಿರಬಹುದು, ನೀರು ಕೊಡುವವಳಾಗಲಾರಳು. ಆ ಲೋಟ ಮೇಜಿನ ಮೇಲೆ ಹೊಳೆಯುತ್ತ ಕೂತಿರುತ್ತಿತ್ತು, ನಾನು ಅದರ ಎದುರೇ ಪಾಠ ಮಾಡುತ್ತಿದ್ದೆ. ಹಲವು ಸಲ ಅದನ್ನೆತ್ತಿ ಕಿಟಕಿಯಾಚೆ ಎಸೆಯಬೇಕು ಅನಿಸಿತು. ದೊಡ್ಡಮ್ಮನ ಕಣ್ಣು ನೆನಪಾಗಿ ಕೈ ಮಡಚಿಕೊಂಡೆ.

ಮೊದಲ ವಾರಗಳಲ್ಲಿ ಇಬ್ಬರಿಗೂ ಗರಟೆಯ ಮೇಲೆ ಬಾಳೆಯ ಸುಳಿಎಲೆ ಹಾಸಿ ಕೊಟ್ಟೆ. ಎಳೆಯ ಎಲೆ ಸ್ವಲ್ಪ ಎಳೆದರೂ ಸೀಳುತ್ತದೆ. ದಾರವನ್ನು ಎಷ್ಟು ಬಿಗಿಯಬೇಕು, ಎಲ್ಲಿ ನಿಲ್ಲಬೇಕು ಎಂದು ಕೈಗೆ ಹೇಳಿಕೊಡಲು ಅದಕ್ಕಿಂತ ಒಳ್ಳೆಯದಿಲ್ಲ. ಸಂಶೋಧಕನ ಕೈ ನಡುಗುತ್ತಿತ್ತು. ಉಸಿರು ಕಟ್ಟಿ ಹೊಲಿಯುತ್ತಿದ್ದ.

"ಉಸಿರು ಬಿಡೋ. ನೀರಲ್ಲಿ ಮುಳುಗಿದವನ ಹಾಗೆ ಯಾಕೆ ಕೂತಿದ್ದಿ?"

"ಬಿಟ್ಟರೆ ಕೈ ಅಲ್ಲಾಡ್ತದೆ ಮೇಡಂ."

"ಕಟ್ಟಿದರೆ ಇನ್ನೂ ಅಲ್ಲಾಡ್ತದೆ. ಕಿರುಬೆರಳು ಗರಟೆಯ ಅಂಚಿಗೆ ಊರು. ತೋಳಿಂದ ಹೊಲಿಯಬೇಡ, ಬೆರಳ ತುದಿಯಿಂದ ಹೊಲಿ."

ಅವನ ಇನ್ನೊಂದು ರೋಗ, ಎಲ್ಲದಕ್ಕೂ ಪುಸ್ತಕ ಕೇಳುವುದು. ಇದು ಯಾವ ಜರ್ನಲ್ಲಿನಲ್ಲಿದೆ ಮೇಡಂ? ಗರಟೆ ಯಾವ ಜರ್ನಲ್ಲಿನಲ್ಲೂ ಇಲ್ಲಪ್ಪ, ಮರದಲ್ಲಿದೆ ಎಂದೆ. ಆದರೆ ಅವನಿಂದ ಒಂದು ಉಪಕಾರವಾಯಿತು. ಕಾಲೇಜಿನಿಂದ ಒಂದು ಸಣ್ಣ ಸೂಕ್ಷ್ಮದರ್ಶಕ ತಂದ. ಹೊಲಿಗೆ ಹಾಕಿದ ಜಾಗವನ್ನು ಅಡ್ಡಕ್ಕೆ ಕೊಯ್ದು ಅದರಡಿ ಇಟ್ಟರೆ ದಾರ ಎಷ್ಟು ಆಳದಲ್ಲಿ ಹಾದಿದೆ ಎಂದು ಕಾಣುತ್ತಿತ್ತು. ಸೂಜಿ ಮೇಲೆ ಮೇಲೆ ಹೋದರೆ ಹೊಲಿಗೆ ಕಿತ್ತು ಬರುತ್ತದೆ. ಪೂರ್ತಿ ಒಳಗೆ ಹೋದರೆ ಆ ತೂತಿನಿಂದಲೇ ನೀರು ಸೋರುತ್ತದೆ. ಅರ್ಧದಲ್ಲಿ ಹೋಗಬೇಕು, ಎರಡೂ ಅಂಚಿನಲ್ಲಿ ಒಂದೇ ಅರ್ಧ. "ನಂದು ಸರಿಯೇ ಇದೆ" ಎನ್ನುತ್ತಿದ್ದ ಹೊನ್ನಾವರದ ಡಾಕ್ಟರು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ನೋಡಿ, ಹೊಸ ದಾರ ಪೋಣಿಸಿಕೊಂಡರು. ಮುಂದಿನ ಭಾನುವಾರ ಯಾರೂ ಹೇಳದೆ ಅವರೇ ಆಡಿನ ಕಣ್ಣನ್ನು ಎತ್ತಿ ಗರಟೆಯಲ್ಲಿ ಕೂರಿಸಿಕೊಂಡರು. ಲೋಟ ಮಾತ್ರ ಬರುತ್ತಲೇ ಇತ್ತು.

ಕೈ ಪಳಗಿತು, ಆದರೂ ಇಬ್ಬರೂ ಗಂಟು ಬೇಕಾಬಿಟ್ಟಿ ಹಾಕುತ್ತಿದ್ದರು. ಯಾಕಿಷ್ಟು ಪಿರಿಪಿರಿ ಎಂಬ ಮುಖ. ಒಂದು ಭಾನುವಾರ ಅವರಿಗೆ ಸೂಜಿ ಕೊಡಲಿಲ್ಲ. ಆಸ್ಪತ್ರೆಯ ಹಿತ್ತಿಲಲ್ಲಿ ಮೂರು ಕಲ್ಲಿಟ್ಟು, ಹಸಿ ಮಡ್ಲು ರಾಶಿ ಹಾಕಿ, ಬೆಳಕೆಯಿಂದ ತಂದಿದ್ದ ಊದುಗೊಳವೆಯನ್ನು ಹೊನ್ನಾವರದ ಡಾಕ್ಟರ ಕೈಗಿಟ್ಟೆ.

"ಎಂತ ಇದು?"

"ಇವತ್ತಿನ ಪಾಠ. ಚಹಾ ಮಾಡಿ."

ಮೊದಲು ನಕ್ಕರು. ಆಮೇಲೆ ಊದಿದರು. ಹೊಗೆ ಎದ್ದು ಮುಖಕ್ಕೇ ಬಂತು. ಮತ್ತೆ ಊದಿದರು. ಕೆಂಡ ಕೆಂಪಾಗಿ ಮತ್ತೆ ಕಪ್ಪಾಯಿತು. ಕುತ್ತಿಗೆಯ ನರ ಹಗ್ಗದ ಹಾಗೆ ಎದ್ದಿತು, ಕಣ್ಣಲ್ಲಿ ನೀರು ಸುರಿಯಿತು. ನೀರು ಕುದಿಯುವ ಮೊದಲೇ ಅವರು ಹಿಂದಕ್ಕೆ ಕೂತುಬಿಟ್ಟರು.

"ತಲೆ ಒಡೆದು ಹೋಗ್ತದೆ ಮಾರಾಯ್ತಿ! ಇದನ್ನು ದಿನಾ ಮಾಡ್ತ್ರಾ?"

"ನಿಮ್ಮನೇಲಿ ಯಾರು ಮಾಡ್ತ್ರು, ಕೇಳಿ ನೋಡಿ" ಎಂದೆ. ಒಳಗೆ ಬಂದು ಕೊಯ್ದು ಹೊಲಿಗೆ ಹಾಕದೆ ಬಿಟ್ಟ ಆಡಿನ ಕಣ್ಣೊಂದಕ್ಕೆ ಹಿಂದಿನಿಂದ ಸಿರಿಂಜಿನಲ್ಲಿ ನೀರು ಒತ್ತಿದೆ. ಗಾಯ ಬಾಯ್ದೆರೆದು ಒಳಗಿನ ಕಪ್ಪು ಪರದೆ ಹೊರಗೆ ಉಬ್ಬಿತು. ಇದೇ ನನ್ನ ದೊಡ್ಡಮ್ಮನಿಗೆ ಆದದ್ದು ಎಂದು ಹೇಳಿದೆ. ಡಾಕ್ಟರು ಹೊಗೆಯಿಂದ ಕೆಂಪಾದ ಕಣ್ಣನ್ನು ಒರೆಸಿಕೊಂಡು ಸೂಜಿ ಕೇಳಿದರು. ಆ ದಿನದಿಂದ ಗಂಟು ಸರಿಯಾಯಿತು.

ಶಿಬಿರದ ಹಿಂದಿನ ದಿನ ಹೊನ್ನಾವರದ ಶಾಲೆಯೊಂದರ ಕೋಣೆಯಲ್ಲಿ ದೊಡ್ಡ ಡಾಕ್ಟರ ಎದುರು ಗರಟೆಗಳನ್ನು ಸಾಲಾಗಿ ಇಟ್ಟೆವು. ಅವರ ಜೊತೆ ಬಂದ ಕಿರಿಯ ಡಾಕ್ಟರುಗಳು ಸುತ್ತ ನಿಂತರು. ಹೊನ್ನಾವರದ ಡಾಕ್ಟರು ಒಂದು ಕಣ್ಣು, ಸಂಶೋಧಕ ಒಂದು ಕಣ್ಣು ಹೊಲಿದರು. ಒಂದನ್ನು ದೊಡ್ಡ ಡಾಕ್ಟರೇ ತಮ್ಮ ಕ್ರಮದಲ್ಲಿ ಕೊಯ್ದು ಹಾಗೇ ಬಿಟ್ಟರು. ಕೊಯ್ಯುವ ಕೈ ಅವರದು ಬಂಗಾರದ್ದು, ಅದರಲ್ಲಿ ಎರಡು ಮಾತಿಲ್ಲ. ನಾನು ಒಂದೊಂದಕ್ಕೂ ಸಿರಿಂಜಿನಲ್ಲಿ ನೀರು ಒತ್ತಿದೆ. ಹೊಲಿದವೆರಡೂ ಕಲ್ಲಿನ ಹಾಗೆ ಬಿಗಿದು ನಿಂತವು. ಅವರದು ಬಾಯಿಬಿಟ್ಟಿತು, ನೀರು ಮೇಜಿನ ಮೇಲೆ ಹರಿಯಿತು.

ದೊಡ್ಡ ಡಾಕ್ಟರು ಕೈ ಒರೆಸಿಕೊಂಡರು.

"ಆಡಿನ ಕಣ್ಣ ಬ್ಯಾರೆ, ಮನಷ್ಯಾರ ಕಣ್ಣ ಬ್ಯಾರೆ. ಆಡು ಮಾತು ಕೇಳೂದಿಲ್ಲ, ಮನಷ್ಯಾರಿಗೆ ಹೇಳಿದ್ರ ತಿಳೀತೈತಿ."

"ಹೇಳಿದ್ದೀರಾ ಸರ್? ಒಲೆ ಊದಬೇಡ ಅಂತ ಯಾವತ್ತಾದರೂ ಹೇಳಿದ್ದೀರಾ?"

"ಬಾಯಾರ, ನಿಮಗ ಒಂದು ಟೇಬಲ್ ಕೊಡ್ತೀನಿ. ಮೂಲ್ಯಾಗ. ನೀವು, ನಿಮ್ಮ ಶಿಷ್ಯರು ಎಷ್ಟರೆ ಹೊಲ್ಕೋರಿ. ಉಳದಿದ್ದು ನನ್ನ ಶಿಬಿರ." ಎದ್ದು ಹೋದರು.

ಕಣ್ಣೆದುರೇ ನೀರು ಹರಿದರೂ ಒಪ್ಪದ ಮನುಷ್ಯನ ಹತ್ತಿರ ಇನ್ನೇನು ಹೇಳುವುದು? ಮೂಲೆಯ ಟೇಬಲ್ ಎಂದರೆ ನಮ್ಮ ಮುಂದೆ ಬಂದಷ್ಟು ಜನಕ್ಕೆ ಹೊಲಿಗೆ, ಉಳಿದವರಿಗೆ ದೇವರೇ ಗತಿ. ಯಾರು ಯಾವ ಟೇಬಲ್ಲಿಗೆ ಎಂಬುದು ಸಾಲಿನಲ್ಲಿ ಯಾರ ಹಿಂದೆ ಯಾರು ನಿಂತಿದ್ದಾರೆ ಎಂಬುದರ ಮೇಲೆ. ಮರುದಿನ ದೊಡ್ಡಮ್ಮನ ಕೈ ಹಿಡಿದು ನಮ್ಮ ಟೇಬಲ್ಲಿಗೆ ಕರೆದುಕೊಂಡು ಬಂದೆ. ಅವಳ ಹಿಂದಿದ್ದ ಅಪ್ಸರಕೊಂಡದ ಕಡೆಯ ಹೆಂಗಸನ್ನು ದೊಡ್ಡ ಡಾಕ್ಟರ ಟೇಬಲ್ಲಿಗೆ ಕರೆದೊಯ್ದರು.

ಡಾಕ್ಟರಲ್ಲದ ಸಂಶೋಧಕ ಮನುಷ್ಯರ ಕಣ್ಣು ಮುಟ್ಟುವ ಹಾಗಿಲ್ಲ. ದಾರ ಪೋಣಿಸಿ ಕೊಡುವ ಕೆಲಸ ಅವನದು. ದೊಡ್ಡಮ್ಮನ ಕಣ್ಣಿಗೆ ಕೈ ಹಾಕಿದ್ದು ಹೊನ್ನಾವರದ ಡಾಕ್ಟರು. ನಾನು ಎದುರು ನಿಂತು ರೆಪ್ಪೆ ಹಿಡಿದಿದ್ದೆ.

ಪೊರೆ ಹೊರಗೆ ಬಂತು. ಹೊಲಿಗೆ ಶುರುವಾಯಿತು. ಡಾಕ್ಟರ ಹಣೆಯಲ್ಲಿ ಬೆವರು. ದೊಡ್ಡಮ್ಮ ಬಟ್ಟೆಯಡಿಯಿಂದ ಕೇಳಿದಳು, "ಇದು ಯಾರ ಕೈ?"

"ಹೊನ್ನಾವರದ ಡಾಕ್ಟ್ರದ್ದು. ಮಾತಾಡಬೇಡ."

"ತಣ್ಣಗೆ ಇದೆ" ಎಂದಳು. "ಹೆದರ್ಕಂಡಿದ್ರ?"

ಡಾಕ್ಟರ ಸೂಜಿ ಒಂದು ಕ್ಷಣ ನಿಂತಿತು. "ಹೌದು ಅಮ್ಮಾ, ಹೆದರಿಕೆ ಆಗ್ತಿದೆ" ಎಂದರು ಮೆಲ್ಲಗೆ. ಆಮೇಲೆ ಕಿರುಬೆರಳನ್ನು ಅವಳ ಹಣೆಗೆ ಊರಿ, ಉಸಿರು ಬಿಟ್ಟು, ಸೂಜಿಯನ್ನು ಅರ್ಧದಲ್ಲಿ ದಾಟಿಸಿದರು. ಅಂಚಿಗೆ ಅಂಚು ಸುಕ್ಕಿಲ್ಲದೆ ಕೂತಿತು. ನಾನು ಹಾಕಿದ್ದರೆ ಅದಕ್ಕಿಂತ ಚೆಂದ ಆಗುತ್ತಿರಲಿಲ್ಲ. ಮುಗಿದ ಮೇಲೆ ಹೊರಗೆ ಬಂದು ಕಟ್ಟೆಯ ಮೇಲೆ ಕೂತವರು ನೀರು ಎಂದರು. ಅವರ ತಾಮ್ರದ ಲೋಟ ಎಲ್ಲಿತ್ತೋ. ನಾನು ನಮ್ಮ ಆಸ್ಪತ್ರೆಯಿಂದ ತಂದಿದ್ದ ಅಲ್ಯೂಮಿನಿಯಂ ಲೋಟದಲ್ಲಿ ಕೊಟ್ಟೆ, ಕುಡಿದರು.

ರೋಗಿಗಳೆಲ್ಲ ಮನೆಗೆ ಹೋಗಿ ಕೆಲವು ವಾರಗಳಾದ ಮೇಲೆ ತಪಾಸಣೆಯ ದಿನ ಬಂತು. ಅದೇ ಶಾಲೆ, ಅದೇ ಜಗಲಿಯಲ್ಲಿ ಸಾಲು. ಅಪ್ಸರಕೊಂಡದ ಕಡೆಯ ಆ ಹೆಂಗಸು ದೊಡ್ಡಮ್ಮನಿಗಿಂತ ಮುಂದಿದ್ದಳು. ಪಟ್ಟಿ ಬಿಚ್ಚಿದ ದೊಡ್ಡ ಡಾಕ್ಟರು ಬಗ್ಗಿ ನೋಡಿ ನಾಲಿಗೆ ಲೊಚಗುಟ್ಟಿದರು. ಕಣ್ಣು ಬಾತು ಕೀವು ಕಟ್ಟಿತ್ತು.

"ಏನ್ ಮಾಡ್ದಿ? ಒಲಿ ಊದಿದ್ಯೇನು?"

ಹೆಂಗಸು ನೆಲ ನೋಡಿದಳು. "ಹ್ಞೂಂ ಒಡೆಯಾ."

"ನೋಡ್ರಿ!" ಎಂದರು ಎಲ್ಲರಿಗೂ ಕೇಳುವ ಹಾಗೆ. "ಈ ಸಲ ಹೇಳಿ ಕಳಿಸೀವಿ, ಊದಬ್ಯಾಡ ಅಂತ. ಹೇಳಿದ್ರೂ ಊದತಾರ. ಇವರ ಕಣ್ಣ ಉಳಿಸಾಕ ಆ ಬ್ರಹ್ಮನ ಕೈಲೂ ಆಗೂದಿಲ್ಲ."

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಸಾಲಿನಿಂದ ದೊಡ್ಡಮ್ಮನ ಧ್ವನಿ ಬಂತು.

"ನಾನೂ ಊದಿದೆ."

ದೊಡ್ಡ ಡಾಕ್ಟರು ತಿರುಗಿದರು. ನಾನೂ ತಿರುಗಿದೆ. ಊದಬೇಡ ಎಂದು ಅವಳಿಗೆ ನಾನೇ ಸಾರಿ ಸಾರಿ ಹೇಳಿ, ಅಡಿಗೆಗೆ ನೆರೆಮನೆಯವಳನ್ನು ಗೊತ್ತುಮಾಡಿ ಬಂದಿದ್ದೆ.

"ಯಾವಾಗ?" ಎಂದೆ.

"ಮನೆಗೆ ಹೋದ ಮರುದಿನ್ವೇ. ಆ ನೆರೆಮನೆಯೋಳು ಗಂಜಿ ಬೇಯ್ಸಿದ್ರೆ ನಾಯಿನೂ ಮೂಸುದಿಲ್ಲ ಮಗಾ. ಆಮೇಲಿಂದ ದಿನಾ ನಾನೇ ಊದ್ತೆ."

ಕೈ ಹಿಡಿದು ಕುರ್ಚಿಯಲ್ಲಿ ಕೂರಿಸಿದೆ. ಪಟ್ಟಿ ಬಿಚ್ಚುವ ಕೆಲಸ ನಾನು ಮಾಡಲಿಲ್ಲ, ದೊಡ್ಡ ಡಾಕ್ಟರಿಗೇ ಬಿಟ್ಟೆ. ಅವರು ಬಿಚ್ಚಿದರು. ಟಾರ್ಚು ಹಾಕಿ ನೋಡಿದರು. ಭೂತಗನ್ನಡಿ ತರಿಸಿ ಮತ್ತೆ ನೋಡಿದರು. ಕಣ್ಣು ತಿಳಿಯಾಗಿತ್ತು. ರೇಷ್ಮೆಯ ಗಂಟುಗಳು ಹಾಕಿದಲ್ಲೇ ಇದ್ದವು. ದಪ್ಪ ಕನ್ನಡಕದ ಗಾಜೊಂದನ್ನು ಆ ಕಣ್ಣಿನ ಮುಂದೆ ಹಿಡಿದೆ. ದೊಡ್ಡಮ್ಮ ಸ್ವಲ್ಪ ಹೊತ್ತು ಅವರ ಮುಖವನ್ನೇ ನೋಡಿದಳು.

"ಡಾಕ್ಟ್ರ ಮೀಸೆ ಬೆಳ್ಳಗಾಗಿದೆ" ಎಂದಳು. "ಹೋದ ಸಲ ಕಪ್ಪಿತ್ತು."

ಜಗಲಿಯಲ್ಲಿ ಯಾರೋ ನಕ್ಕರು, ಆಮೇಲೆ ಎಲ್ಲರೂ ನಕ್ಕರು. ಅಪ್ಸರಕೊಂಡದ ಕಡೆಯವಳು ನಗಲಿಲ್ಲ. ಸೆರಗಿನಿಂದ ಕಣ್ಣು ಮುಚ್ಚಿಕೊಂಡು ಮೂಲೆಯಲ್ಲಿ ಕೂತಿದ್ದಳು. ನಾನು ದೊಡ್ಡ ಡಾಕ್ಟರಿಗೆ ಅವಳನ್ನು ತೋರಿಸಿ ಹೇಳಿದೆ, "ಸರ್, ಇಬ್ಬರೂ ಊದಿದವರೇ. ಇನ್ನು ಮೇಲೆ ಊದಿದ್ದಕ್ಕೆ ಹೋಯ್ತು ಅನ್ನಬೇಡಿ." ಅವರು ಟಾರ್ಚು ಆರಿಸಿ, ಮುಂದಿನವರು ಬರಲಿ ಎಂದರು.

ಮುಂದಿನ ವರ್ಷದ ಶಿಬಿರದಲ್ಲಿ ಎಲ್ಲ ಟೇಬಲ್ಲಿನಲ್ಲೂ ಹೊಲಿಗೆ ಇತ್ತು. ಉದ್ಘಾಟನೆಯ ಭಾಷಣದಲ್ಲಿ ದೊಡ್ಡ ಡಾಕ್ಟರು "ನಾವು ಜಾರಿಗೆ ತಂದ ಹೊಸ ಕ್ರಮ" ಎಂದರು. ಕೊನೆಯಲ್ಲಿ, ಹೆಂಗಸರ ವಾರ್ಡು ನೋಡಿಕೊಂಡ ಬಾಯಾರಿಗೂ ಧನ್ಯವಾದ ಹೇಳಿದರು. ಸಂಶೋಧಕ ನನ್ನ ಪಕ್ಕ ಕೂತು ಹಲ್ಲು ಕಡಿಯುತ್ತಿದ್ದ. ಹೊನ್ನಾವರದ ಡಾಕ್ಟರು ಎದ್ದು ನಿಂತು, "ಬಾಯಾರಲ್ಲ, ಡಾಕ್ಟ್ರು. ನಮಗೆಲ್ಲ ಕಲಿಸಿದವರು" ಎಂದು ಗಟ್ಟಿಯಾಗಿ ಹೇಳಿ ಕೂತರು. ವೇದಿಕೆಯ ಮೇಲಿದ್ದವರು ಅದನ್ನು ಕೇಳದ ಹಾಗೆ ಹೂಮಾಲೆ ಸರಿಮಾಡಿಕೊಂಡರು.

ಹೆಸರು ಯಾರಿಗಾದರೂ ಹೋಗಲಿ. ಈ ಸಿಟ್ಟು ಅದಕ್ಕಲ್ಲ. ಹೊಲಿಗೆ ಬೇಕು ಎಂದು ನಾನು ಕೇಳಿದ ದಿನಕ್ಕೂ ಅವರು ಜಾರಿಗೆ ತಂದ ದಿನಕ್ಕೂ ನಡುವೆ ಹೋದ ಕಣ್ಣುಗಳಿಗೆ ಯಾರೂ ಭಾಷಣ ಮಾಡಲಿಲ್ಲ. ಅಪ್ಸರಕೊಂಡದ ಕಡೆಯವಳು ಆಮೇಲೆ ಎರಡನೆಯ ಕಣ್ಣಿಗೆ ಬರಲೇ ಇಲ್ಲ. ಹುಡುಕಿಕೊಂಡು ಹೋದೆ. ಬೇಡ ಡಾಕ್ಟ್ರಮ್ಮಾ, ಅಷ್ಟು ಕಾಣ್ತದೆ, ಸಾಕು ಎಂದಳು. ಎಷ್ಟು ಕಾಣುತ್ತಿತ್ತೆಂದು ಅವಳು ನನ್ನ ಎದುರೇ ಒಲೆಯ ಬಾಯಿಯನ್ನು ಕೈಯಿಂದ ತಡವಿ ಹುಡುಕುವಾಗ ನೋಡಿದೆ.

ಅರವತ್ತರ ದಶಕ ಮುಗಿಯುವವರೆಗೂ ಕುಮಟೆಯ ಆ ಹಿಂಬದಿ ಕೋಣೆಗೆ ಬೇರೆ ಬೇರೆ ಕಡೆಯಿಂದ ಡಾಕ್ಟರುಗಳು, ಕಾಲೇಜಿನ ಸಂಶೋಧಕರು ಕಲಿಯಲು ಬರುತ್ತಿದ್ದರು. ಸೂಜಿ, ದಾರ, ಭೂತಗನ್ನಡಿ ಎಲ್ಲ ತಮ್ಮದೇ ತರುತ್ತಿದ್ದರು. ಕುರ್ಚಿ ಎಳೆದುಕೊಂಡು, ಶುರುಮಾಡೋಣವೇ ಎನ್ನುತ್ತಿದ್ದರು. ನಾನು ಅವರನ್ನು ಹಿತ್ತಿಲಿಗೆ ಕರೆದೊಯ್ದು ಊದುಗೊಳವೆ ಕೊಡುತ್ತಿದ್ದೆ. ಬಟ್ಟೆ ಹೊಗೆ ನಾರುತ್ತದೆ ಎಂದು ಕೆಲವರು ಗೊಣಗಿದರು, ಒಬ್ಬರು ಬಸ್ಸು ಹತ್ತಿ ವಾಪಸು ಹೋದರು. ಹೋಗಲಿ ಎಂದೆ. ಉಳಿದವರು ಊದಿದರು. ಚಹಾ ಕುದಿಯುವವರೆಗೆ ಯಾರ ಕೈಗೂ ಸೂಜಿ ಕೊಡಲಿಲ್ಲ.